ಮೆದು ಕಬ್ಬಿಣ

ಯುದ್ಧ ಮುಗಿಸಿ ಬಂದ ಲಾರಿಯಂತೆ ಅದು.
ಯಾವ ಯುದ್ಧವೋ, ಯಾರು ಗೆದ್ದದ್ದೋ.
ನಮಗೆ ಗೊತ್ತಿರುವುದು ಮೂತಿಯ ಮೇಲಿನ ವಿಂಚು,
ಮತ್ತೆ ಬಾಗಿಲಿದ್ದ ಕಡೆ ಕಟ್ಟಿದ ಗೋಣಿತಾಟು.

ಸುಂಟಿಕೊಪ್ಪದಲ್ಲಿ, ಮಾದಾಪುರ ರಸ್ತೆಯ ನನ್ನ ಲೇತಿನ ಶೆಡ್ಡಿಗೆ
ಇನ್ನೊಂದು ಲಾರಿ ಅದನ್ನು ಎಳೆದು ತಂದಿತು.
ಎಳೆಯುವುದೇ ಕಸುಬಾದದ್ದನ್ನು ಎಳೆದು ತರುವುದೆಂದರೆ
ಪೋಕರ್ ಕಾಕನಿಗೆ ನಾಚಿಕೆ. ಇಳಿದವನೇ ಬೀಡಿ ಹಚ್ಚಿ
ರಸ್ತೆಯ ಕಡೆ ಮುಖ ಮಾಡಿ ನಿಂತ.
(ಅವನ ಹೆಸರಿನ ಬಗ್ಗೆ ಊರೆಲ್ಲ ಆಡಿ ಸವೆಸಿದ ತಮಾಷೆಯೊಂದಿದೆ.
ನಾನು ಆಡುವುದಿಲ್ಲ.)

ವೈಪರಿಗೆ ಸಿಕ್ಕಿಸಿದ ತೋಕ್‌ಪೂ ಬಾಡಿತ್ತು.
ಮೊನ್ನೆ ಕೈಲ್‌ಪೊಳ್ದ್. ತೋಟದ ಉತ್ತಯ್ಯನವರು
ಕೋವಿಗೆ ಇಟ್ಟು ಉಳಿದದ್ದನ್ನು ಇದಕ್ಕೂ ಇಟ್ಟಿದ್ದಾರೆ.
ಅವರ ಇಳಿಜಾರಿನಲ್ಲಿ ನಲವತ್ತು ಸಿಲ್ವರ್ ಓಕು
ಕಾಫಿ ಗಿಡಗಳ ಮೇಲೆ ಮಲಗಿವೆ.
ದಿನಕ್ಕೆರಡು ಸಲ ಫೋನು: ಆಯ್ತಾ?

ಬಿಚ್ಚಿದೆ.
ಗ್ರೀಸಲ್ಲ ಅದು, ಗ್ರೀಸಿನ ವೇಷ ಹಾಕಿದ ಮಣ್ಣು.
ಸೀಮೆಎಣ್ಣೆಯಲ್ಲಿ ಉಜ್ಜಿದ ಹಾಗೆ ಒಂದೊಂದೇ ಮುಖ ಕಂಡಿತು.
ಡ್ರಮ್ಮಿನ ಬುಷ್ಷು ಸವೆದು ಕೋಳಿಮೊಟ್ಟೆ.
ಭಾರ ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯ ತುದಿ
ಹಲ್ಲುದುರಿದ ವಸಡಿನಷ್ಟು ದುಂಡು.
ಕಂಚಿನ ವರ್ಮ್ ವೀಲಿನ ಹಲ್ಲುಗಳು ಒಂದೇ ಮಗ್ಗುಲು ತಿಂದು
ಮುಟ್ಟಿದರೆ ಕುಯ್ಯುವಂತಿವೆ;
ಅದನ್ನು ತಿರುಗಿಸುವ ಉಕ್ಕಿನ ವರ್ಮಿಗೆ ಗೀರಿಲ್ಲ.

ಹಾಗೇ ಇರಬೇಕು ಎನ್ನುತ್ತಿದ್ದರು ನನಗೆ ಕಲಿಸಿದ ಇನ್ನಾಸ್ ಮೇಸ್ತ್ರಿ.
"ಎರಡೂ ಗಟ್ಟಿಯಾದರೆ ಎರಡೂ ಹೋಗ್ತವೆ ಮಗಾ,
ಒಂದು ಸವೀಲಿಕ್ಕೆ ಒಪ್ಪಬೇಕು."
ಅವರ ಹೆಂಡತಿ ಅಲ್ಲೇ ಅಕ್ಕಿ ಆರಿಸುತ್ತಿದ್ದರು,
ತಲೆ ಎತ್ತಲಿಲ್ಲ.

ಕೊನೆಗೆ ಶಾಫ್ಟಿನ ತೂತಿಗೆ ಬಂದೆ.
ಅಲ್ಲಿರಬೇಕಾದದ್ದು ಕಿರುಬೆರಳಿನಷ್ಟು ಮೆದು ಕಬ್ಬಿಣದ ಪಿನ್ನು.
ಭಾರ ಮೀರಿದರೆ ಎಲ್ಲರಿಗಿಂತ ಮೊದಲು ಮುರಿಯಬೇಕು ಅದು.
ಮುರಿಯಲಿಕ್ಕೆಂದೇ ಮಾಡಿದ ಸಾಮಾನು, ಎರಡು ಚಾಯದ ಬೆಲೆ.
ಅಲ್ಲಿದ್ದದ್ದು ಹೈಟೆನ್ಸಿಲ್ ಬೋಲ್ಟು,
ತಲೆ ತರಿದು ನಯ ಮಾಡಿದ್ದು,
ತುದಿಯಲ್ಲಿ ಪಂಚಿನಿಂದ ಹೊಡೆದ ಎರಡು ಚುಕ್ಕೆ.

ಎರಡು ಚುಕ್ಕೆ ನನ್ನ ಗುರುತು.

ಆರು ವರ್ಷದ ಹಿಂದೆ, ಇದೇ ಶೆಡ್ಡು, ಇದೇ ಕಾಕ:
"ದಿನಕ್ಕೆ ಮೂರು ಪಿನ್ನು ಮುರೀತದೆ. ಮುರಿಯದ್ದೊಂದು ಹಾಕಿ ಕೊಡು ಮಾರಾಯ."
ಹಾಕಿ ಕೊಟ್ಟೆ. ಮುರಿಯಲಿಲ್ಲ ಎನ್ನುವುದಕ್ಕಿಂತ
ದೊಡ್ಡ ಹೊಗಳಿಕೆ ಯಾವ ಕೆಲಸಗಾರನಿಗೆ ಸಿಕ್ಕಿದೆ?
ಮುರಿಯಲಿಲ್ಲ.
ಮಾರ್ಚಿನಲ್ಲಿ ನಂದಿಯ ದಿಮ್ಮಿಯೊಂದು ಬಂಡೆಗೆ ಸಿಕ್ಕಿತು.
ಬಂಡೆ ಬಿಡಲಿಲ್ಲ, ಎಂಜಿನ್ನು ಬಿಡಲಿಲ್ಲ, ಪಿನ್ನು ಬಿಡಲಿಲ್ಲ.
ಬಿಟ್ಟದ್ದು ಹಗ್ಗ.
ಉಕ್ಕಿನ ಹಗ್ಗ ಹರಿದರೆ ಸದ್ದು ಆಮೇಲೆ ಬರುತ್ತದಂತೆ.
ಚಾತನ ಎಡಗೈಯಲ್ಲಿ ಮೂರು ಬೆರಳು ಉಳಿದವು.
ಹಗ್ಗ ಹಳತಾಗಿತ್ತು ಎಂದರು ಎಲ್ಲರೂ.
ನಾನೂ ಎಂದೆ.

ಚಾತ ಈಗಲೂ ಈ ಲಾರಿಯಲ್ಲೇ.
ಹಳೇ ಟಯರಿನ ಮೇಲೆ ಕೂತು ನೋಡುತ್ತಿದ್ದ.
ನಾನು ಬೋಲ್ಟನ್ನು ಗುಜರಿ ಡಬ್ಬಿಗೆ ಹಾಕಿ ಮೇಲೆ ವೇಸ್ಟು ಬಟ್ಟೆ ಎಸೆದೆ.

ವೀಲನ್ನು ಮಗುಚಿ ಕೂರಿಸಿದೆ:
ಆಚೆ ಮಗ್ಗುಲಲ್ಲಿ ಇನ್ನೆರಡು ವರ್ಷದ ಹಲ್ಲಿದೆ.
ಕೊಕ್ಕೆಗೆ ವೆಲ್ಡ್ ತುಂಬಿ ಅರ ಹಿಡಿದೆ, ಬುಷ್ಷು ಹೊಸದು ಹೊಡೆದೆ.
ಆಮೇಲೆ ಮೆದು ಸರಳನ್ನು ಲೇತಿಗೆ ಕಚ್ಚಿಸಿ
ನಡುವೆ ಸಣ್ಣ ಕಂಠ ಕೊರೆದೆ,
ಮುರಿಯುವುದಾದರೆ ಇಲ್ಲೇ ಮುರಿ ಎಂದು.
ಒಂದಲ್ಲ, ಹನ್ನೆರಡು. ಉಪ್ಪಿನಕಾಯಿ ಬಾಟ್ಲಿ ತುಂಬ.

"ಇದು ಮುರೀತದಲ್ಲ?" ಎಂದ ಪೋಕರ್ ಕಾಕ.
"ಮುರಿಯಲಿ."

ತಿರುಗಿದರೆ ಚಾತ ಡಬ್ಬಿಯ ಹತ್ತಿರ.
ಬಲಗೈಯಲ್ಲಿ ಬೋಲ್ಟು. "ಇದು ಇನ್ನೂ ಗಟ್ಟಿಯಿದೆಯಲ್ಲ.
ಈ ಎರಡು ಚುಕ್ಕೆ ಏನು?"

"ನಂದು," ಎಂದೆ.
ಲೇತು ಓಡುತ್ತಿತ್ತು.
ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ.
ಅವನು ಬೋಲ್ಟನ್ನು ನನ್ನ ಮೇಜಿನ ಮೇಲೆ
ಚುಕ್ಕೆ ಮೇಲಾಗಿ ನಿಲ್ಲಿಸಿದ.
ಬಾಟ್ಲಿಯಿಂದ ಒಂದು ಪಿನ್ನು ಆರಿಸಿ
ಉಳಿದ ಮೂರು ಬೆರಳಲ್ಲಿ ಹಿಡಿದು
ವಿಂಚಿನ ಕಡೆ ಬಗ್ಗಿದ.

ಕೈಯಲ್ಲೇ ಒತ್ತಿದ, ಕೂತಿತು.
ಸುತ್ತಿಗೆ ಕೇಳಲಿಲ್ಲ.